ವೀಸಾ ಕೊಡದವರು ನಾಯಕತ್ವ ಕಲಿಸುತ್ತಾರಂತೆ!

ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ನಾಯಕತ್ವ ತರಬೇತಿ ಕೊಡುವುದು ಈಗ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಬಲು ಮೆಚ್ಚಿನ ಕೆಲಸ. ದೇಶ ಬಿಟ್ಟು ಹೊರಗೆ ಓದುತ್ತಿರುವ ಯುವತಿಯರನ್ನು ಸೇರಿಸಿ ಎರಡು ಮೂರು ದಿನ ಶಿಬಿರ, ಆತ್ಮವಿಶ್ವಾಸದ ಮೇಲೆ ಭಾಷಣ, ಕೊನೆಗೆ ಪ್ರಮಾಣಪತ್ರ, ಬ್ಯಾನರ್ ಮುಂದೆ ಗ್ರೂಪ್ ಫೋಟೊ. ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಇಂಥ ತರಬೇತಿಗಳಿಗೆ ಕೂತು ಎದ್ದವರಿಗೆ ಈ ಚಿತ್ರ ಹೊಸದೇನಲ್ಲ.

ತರಬೇತಿಯೇ ಬೇಡ ಎಂಬುದು ನಮ್ಮ ಮಾತಲ್ಲ. ಶಿಬಿರ ಮುಗಿದ ಮೇಲೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ವೀಸಾ ಮುಗಿದರೆ ಏನು ಗತಿ? ಸ್ಕಾಲರ್‌ಶಿಪ್ ನಿಂತರೆ ಯಾರ ಮನೆ ಬಾಗಿಲು ತಟ್ಟಬೇಕು? ಇದಕ್ಕೆ ಉತ್ತರ ಕೊಡದೆ ನಾಯಕತ್ವ ಕಲಿಸಲು ಹೊರಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಂತೆ.

ಒಂದೊಂದೇ ಬಾಗಿಲು ಮುಚ್ಚಿದರು

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡಿತು. ಮುಂದಿನ ತಿಂಗಳು ಪ್ರೌಢಶಾಲೆಗಳು ತೆರೆದವು, ಗಂಡುಮಕ್ಕಳಿಗೆ ಮಾತ್ರ. 2022ರ ಮಾರ್ಚ್ 23ರಂದು ಹೆಣ್ಣುಮಕ್ಕಳಿಗೂ ಶಾಲೆ ಶುರು ಎಂದರು. ಮಕ್ಕಳು ಬ್ಯಾಗು ಹಾಕಿಕೊಂಡು ಬಂದರು. ಅದೇ ದಿನ ವಾಪಸ್ ಕಳಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲನ್ನೂ ಹಾಕಿದರು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್, ಹೆರಿಗೆ ಶುಶ್ರೂಷೆ ಕಲಿಯುವುದಕ್ಕೂ ತಡೆ ಬಿತ್ತು. ಗಂಡು ಡಾಕ್ಟರು ಹೆಣ್ಣನ್ನು ಮುಟ್ಟಬಾರದು ಎನ್ನುವವರು ಹೆಣ್ಣು ನರ್ಸ್ ಆಗುವುದನ್ನೂ ತಡೆದರೆ ಹೆರಿಗೆ ಮಾಡಿಸುವವರು ಯಾರು?

ಕನಿಷ್ಠ 14 ಲಕ್ಷ ಹೆಣ್ಣುಮಕ್ಕಳು ಪ್ರೌಢಶಾಲೆಯಿಂದ ಹೊರಗುಳಿದಿದ್ದಾರೆ ಎಂದು ಯುನೆಸ್ಕೊ 2024ರಲ್ಲಿ ಹೇಳಿತು. ಹೀಗಾಗಿ ಅಲ್ಲಿನ ಹುಡುಗಿಗೆ ಕಾಲೇಜು ಓದಬೇಕೆಂದರೆ ದೇಶ ಬಿಡುವುದೊಂದೇ ದಾರಿ. ಅದೂ ಸಲೀಸಲ್ಲ. 72 ಕಿಲೋಮೀಟರಿಗಿಂತ ದೂರ ಹೋಗಬೇಕಾದರೆ ಮನೆಯ ಗಂಡಸು ಜೊತೆಗಿರಬೇಕು. 2023ರ ಆಗಸ್ಟ್‌ನಲ್ಲಿ ದುಬೈ ಉದ್ಯಮಿ ಖಲಾಫ್ ಅಲ್ ಹಬ್ತೂರ್ ಸುಮಾರು 100 ಯುವತಿಯರಿಗೆ ಅಲ್ಲಿ ಓದಲು ಸ್ಕಾಲರ್‌ಶಿಪ್ ಕೊಟ್ಟರು, ವಿಮಾನದ ಏರ್ಪಾಟನ್ನೂ ಮಾಡಿದರು. ಕಾಬೂಲ್ ವಿಮಾನ ನಿಲ್ದಾಣದಲ್ಲೇ ಅವರನ್ನು ತಡೆದರು. ಗಂಡಸನ್ನು ಜೊತೆಗೆ ಕರೆತಂದಿದ್ದ ಹುಡುಗಿಯನ್ನೂ ಬಿಡಲಿಲ್ಲ.

ಇವರಿಗೆ ಮುಂದಾಳುತನ ಹೇಳಿಕೊಡಬೇಕೆ?

2021ರ ಆಗಸ್ಟ್‌ನಲ್ಲಿ 148 ಯುವತಿಯರು 7 ಬಸ್ಸುಗಳಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಕಡೆ ಹೊರಟರು. ಇವರೆಲ್ಲ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿರುವ ಏಷ್ಯನ್ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು, ಹಳೆ ವಿದ್ಯಾರ್ಥಿನಿಯರು. ತಾಲಿಬಾನ್ ಕಾವಲು, ಗುಂಡಿನ ಸದ್ದು, ನೂಕುನುಗ್ಗಲು. ತಮ್ಮಲ್ಲೇ ಮುಂದಾಳುಗಳನ್ನು ಮಾಡಿಕೊಂಡು, ಫೋನಿನಲ್ಲಿ ಸುದ್ದಿ ಮುಟ್ಟಿಸಿಕೊಳ್ಳುತ್ತ, ಗೇಟು ದಾಟಲಾಗದೆ ಹಿಂದಿರುಗಿ ಮತ್ತೆ ಹೋಗಿ, ಕೊನೆಗೂ ವಿಮಾನ ಹತ್ತಿದರು. ಅಮೆರಿಕದ ಸೇನಾ ನೆಲೆಯೊಂದರಲ್ಲಿ ಕೆಲ ತಿಂಗಳಿದ್ದು, ಆಮೇಲೆ ಅಲ್ಲಿನ ಬೇರೆ ಬೇರೆ ವಿಶ್ವವಿದ್ಯಾಲಯ ಸೇರಿದರು.

ಶಬಾನಾ ಬಸೀಜ್ ರಸೀಖ್ ಅವರ ಕಥೆಯನ್ನೂ ಕೇಳಿ. ತಾಲಿಬಾನಿನ ಮೊದಲ ಆಳ್ವಿಕೆಯಲ್ಲಿ ಗಂಡು ಹುಡುಗನ ವೇಷ ಹಾಕಿಕೊಂಡು ಗುಟ್ಟಿನ ಶಾಲೆಗೆ ಹೋಗಿ ಓದಿದವರು. ದೊಡ್ಡವರಾದ ಮೇಲೆ ಹೆಣ್ಣುಮಕ್ಕಳಿಗೆಂದೇ ಸೋಲಾ ಎಂಬ ವಸತಿ ಶಾಲೆ ನಡೆಸಿದರು. ಕಾಬೂಲ್ ಬಿದ್ದಾಗ ವಿದ್ಯಾರ್ಥಿನಿಯರ ದಾಖಲೆಗಳನ್ನೆಲ್ಲ ತಮ್ಮ ಕೈಯಾರೆ ಸುಟ್ಟರು. ಹೆಸರು, ವಿಳಾಸ ತಾಲಿಬಾನಿಗೆ ಸಿಕ್ಕರೆ ಮಕ್ಕಳ ಮನೆಯವರಿಗೇ ಅಪಾಯವಿತ್ತು. ಆಮೇಲೆ ವಿದ್ಯಾರ್ಥಿನಿಯರು, ಸಿಬ್ಬಂದಿ, ಅವರ ಕುಟುಂಬದವರು ಸೇರಿ 250ರಷ್ಟು ಜನ ಆಫ್ರಿಕಾದ ರುವಾಂಡಾಕ್ಕೆ ಹೋದರು. ಶಾಲೆ ಅಲ್ಲಿ ನಡೆಯುತ್ತಿದೆ.

ಇಂಥವರ ಮುಂದೆ ನಿಂತು "ಧೈರ್ಯವಾಗಿ ಮಾತಾಡುವುದು ಹೇಗೆ" ಎಂದು ಪಾಠ ಮಾಡಲು ನಾಚಿಕೆಯಾಗಬೇಡವೆ?

ನಡುದಾರಿಯಲ್ಲಿ ಕೈಬಿಟ್ಟವರು

ಒಮಾನ್ ದೇಶದಲ್ಲಿ 80ಕ್ಕೂ ಹೆಚ್ಚು ಅಫ್ಘನ್ ಯುವತಿಯರು ಓದುತ್ತಿದ್ದರು. ಅಮೆರಿಕ ಸರ್ಕಾರದ ಯುಎಸ್ಏಡ್ ಕೊಡುತ್ತಿದ್ದ ಸ್ಕಾಲರ್‌ಶಿಪ್ ಅದು. 2025ರ ಆರಂಭದಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವಿಗೆ ಕತ್ತರಿ ಹಾಕಿತು. ಸ್ಕಾಲರ್‌ಶಿಪ್ ಮುಗಿಯಿತು, ಊರಿಗೆ ಹೊರಡಲು ತಯಾರಾಗಿ ಎಂಬ ಸುದ್ದಿ ಅವರಿಗೆ ಬಂತು. ಯಾವ ಊರಿಗೆ? ಓದಿದ್ದೇ ತಪ್ಪು ಎನ್ನುವ ಊರಿಗೆ! ಗದ್ದಲವಾದ ಮೇಲೆ ಗಡುವು ಸ್ವಲ್ಪ ಮುಂದೆ ಹೋಯಿತು. ಆದರೆ ಒಂದು ಸರ್ಕಾರ ಬದಲಾದರೆ ತಮ್ಮ ಬದುಕೇ ಬುಡಮೇಲಾಗುತ್ತದೆ ಎಂಬುದು ಆ ಹುಡುಗಿಯರಿಗೆ ಮನದಟ್ಟಾಯಿತು.

ಸಬಲೀಕರಣ ಎಂಬ ಪದಕ್ಕೆ ಅರ್ಥ ಬರಬೇಕಾದರೆ ಓದು ಮುಗಿಯುವವರೆಗಿನ ಅಷ್ಟೂ ಹಣವನ್ನು ಮೊದಲೇ ತೆಗೆದಿಡಬೇಕು. ಭಾಷಣಕಾರರ ವಿಮಾನದ ಟಿಕೆಟ್ಟಿಗಿಂತ ಮೊದಲು ಹುಡುಗಿಯ ಹಾಸ್ಟೆಲ್ ಶುಲ್ಕ ಕಟ್ಟಬೇಕು.

ಬೇಕಾದ ತರಬೇತಿ ಎಂಥದ್ದು?

ವೀಸಾ, ನಿರಾಶ್ರಿತರ ಕಾನೂನು, ಕೆಲಸದ ಪರವಾನಗಿಯ ಅರ್ಜಿ ತಾನೇ ತುಂಬುವಂತಾಗಬೇಕು. ಊರಿನ ಪ್ರಮಾಣಪತ್ರ ಇಲ್ಲದಿದ್ದರೂ ಓದಿದ್ದನ್ನು ಸಾಬೀತು ಮಾಡುವ ದಾರಿ ತಿಳಿಯಬೇಕು. ಅಮ್ಮ, ತಂಗಿಯರನ್ನು ಅಲ್ಲೇ ಬಿಟ್ಟು ಬಂದ ಸಂಕಟವನ್ನು ತನ್ನ ಭಾಷೆಯಲ್ಲೇ, ದರಿಯಲ್ಲೋ ಪಶ್ತೋದಲ್ಲೋ, ಹೇಳಿಕೊಳ್ಳಲು ಒಬ್ಬರಾದರೂ ಇರಬೇಕು. ಇನ್ನು ಗ್ರೂಪ್ ಫೋಟೊ: ಶಿಬಿರದ ಫೋಟೊ ಫೇಸ್‌ಬುಕ್‌ಗೆ ಹೋದರೆ ಊರಲ್ಲಿರುವ ಅಪ್ಪನ ಮನೆಗೆ ಬಂದೂಕು ಹಿಡಿದವರು ಬರಬಹುದು. ದಾಖಲೆ ಸುಟ್ಟು ಕಾಪಾಡಿದ ಹೆಸರನ್ನು ದಾನಿಗಳ ವರದಿಗೋಸ್ಕರ ಬಯಲಿಗೆ ಹಾಕುವುದು ಯಾವ ನ್ಯಾಯ?

ಎಲ್ಲಕ್ಕಿಂತ ಮುಖ್ಯವಾಗಿ, ಕಲಿತದ್ದು ಒಳಗಿರುವವರಿಗೆ ಮುಟ್ಟಬೇಕು. ಸೋಲಾ ಶಾಲೆ ಈಗ ವಾಟ್ಸಾಪ್ ಮೂಲಕವೂ ಪಾಠ ಕಳಿಸುತ್ತಿದೆ. ಪ್ಯಾರಿಸ್‌ನಿಂದ ಬೇಗಂ ಟಿವಿ ಎಂಬ ಚಾನೆಲ್ ಉಪಗ್ರಹದ ಮೂಲಕ ಶಾಲಾ ಪಾಠ ಬಿತ್ತರಿಸುತ್ತದೆ. ಪಶ್ತಾನಾ ದುರ್ರಾನಿ ಅಮೆರಿಕಕ್ಕೆ ಹೋದ ಮೇಲೂ ದೇಶದೊಳಗಿನ ಗುಟ್ಟಿನ ಶಾಲೆಗಳ ಕೆಲಸ ಬಿಡಲಿಲ್ಲ. ನಿಮ್ಮ ಕೈಯಲ್ಲಿರುವಂಥದೇ ಒಂದು ಫೋನು ಅಲ್ಲಿ ಶಾಲೆಯಾಗಿದೆ. ಈ ಮೂರು ಕೆಲಸಗಳನ್ನೂ ಕಟ್ಟಿದವರು ಅಫ್ಘನ್ ಹೆಂಗಸರೇ. ತರಬೇತಿಯ ಹಣ, ಅಧಿಕಾರ ಎರಡೂ ಇಂಥವರ ಕೈಗೆ ಹೋಗಲಿ. ಪಾಠ ಏನಿರಬೇಕೆಂದು ಅವರೇ ಬರೆಯಲಿ.

ನಮ್ಮ ದೇಶ ಏನು ಮಾಡಿತು?

ಬೇರೆಯವರನ್ನು ಬೈದು ನಮ್ಮದನ್ನು ಮುಚ್ಚಿಡಲಾಗದು. 2021ಕ್ಕೆ ಮೊದಲು ಭಾರತ ಸರ್ಕಾರ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಮೂಲಕ ಅಫ್ಘನ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 1000 ಸ್ಕಾಲರ್‌ಶಿಪ್ ಕೊಡುತ್ತಿತ್ತು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿದ ಅಫ್ಘನ್ನರು ಎಷ್ಟೋ ಮಂದಿ. ಆದರೆ ಕಾಬೂಲ್ ಬಿದ್ದ ಹತ್ತೇ ದಿನಕ್ಕೆ, ದೇಶದ ಹೊರಗಿದ್ದ ಅಫ್ಘನ್ನರ ವೀಸಾಗಳನ್ನೆಲ್ಲ ನಾವು ರದ್ದು ಮಾಡಿದೆವು. ಕೊರೊನಾ ಕಾಲದಲ್ಲಿ ಮನೆಗೆ ಹೋಗಿದ್ದವರು ಅಲ್ಲೇ ಸಿಕ್ಕಿಬಿದ್ದರು. ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ಬಾಗಿಲು ಹಾಕಿದೆವು. ಆಮೇಲೆ ನಿಯಮ ಸ್ವಲ್ಪ ಸಡಿಲವಾಯಿತು ನಿಜ, ಹೋದ ವರ್ಷಗಳು ವಾಪಸ್ ಬರುತ್ತವೆಯೆ?

2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದರು. ಅವರ ಮೊದಲ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತೆಯೂ ಇರಲಿಲ್ಲ. ನಮ್ಮ ರಾಜಧಾನಿಯಲ್ಲಿ! ಪತ್ರಕರ್ತರು ಪ್ರತಿಭಟಿಸಿದರು. ಎರಡು ದಿನ ಬಿಟ್ಟು ಇನ್ನೊಂದು ಗೋಷ್ಠಿ ಕರೆದು ಹೆಂಗಸರನ್ನೂ ಕೂರಿಸಿದರು. ಪತ್ರಿಕೋದ್ಯಮ ಓದಿದ ನಾವು ಇದರಿಂದ ಕಲಿತದ್ದು ಇಷ್ಟು: ಗಟ್ಟಿಯಾಗಿ ಕೇಳಿದರೆ ತಾಲಿಬಾನಿನವರೂ ಕುರ್ಚಿ ಹಾಕುತ್ತಾರೆ. ಅದೇ ತಿಂಗಳು ನಮ್ಮ ಸರ್ಕಾರ ಕಾಬೂಲಿನ ಕಚೇರಿಯನ್ನು ಪೂರ್ಣ ರಾಯಭಾರ ಕಚೇರಿ ಮಾಡಿತು. ವ್ಯವಹಾರಕ್ಕೆ ಬಾಗಿಲು ತೆರೆದವರು ವಿದ್ಯಾರ್ಥಿನಿಯರ ವಿಷಯವನ್ನೂ ಮೇಜಿನ ಮೇಲೆ ಇಡಬೇಡವೆ?

ಎರಡು ಮಾತಿಗೆ ಉತ್ತರ

"ಅದು ಅವರ ಧರ್ಮ, ನಮಗ್ಯಾಕೆ" ಎನ್ನುವವರಿದ್ದಾರೆ. ಈಜಿಪ್ಟಿನ ಅಲ್ ಅಜರ್ ಮುಖ್ಯಸ್ಥ ಅಹ್ಮದ್ ಅಲ್ ತಯ್ಯಿಬ್ ದೊಡ್ಡ ಇಸ್ಲಾಂ ವಿದ್ವಾಂಸರು. ವಿಶ್ವವಿದ್ಯಾಲಯದ ನಿಷೇಧ ಶರಿಯತ್ತಿಗೇ ವಿರುದ್ಧ ಎಂದು 2022ರಲ್ಲೇ ಹೇಳಿದರು. ತಾಲಿಬಾನಿನ ಉಪ ವಿದೇಶಾಂಗ ಮಂತ್ರಿಯಾಗಿದ್ದ ಶೇರ್ ಮೊಹಮ್ಮದ್ ಅಬ್ಬಾಸ್ ಸ್ತಾನಿಕ್ಜಾಯ್ ಕೂಡ ಈ ನಿಷೇಧಕ್ಕೆ ಯಾವ ನೆಪವೂ ಇಲ್ಲವೆಂದು 2025ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದರು. ಈತ ಹಿಂದೊಮ್ಮೆ, ಅಫ್ಘನ್ ಸೇನೆಯ ಯುವಕನಾಗಿ, ನಮ್ಮ ಡೆಹರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆದವರು. ಹಾಗಾಗಿ ಇದು ಒಂದು ಆಡಳಿತದ ದಬ್ಬಾಳಿಕೆ. ಅಫ್ಘನ್ ಹೆಣ್ಣುಮಕ್ಕಳ ಕಣ್ಣೀರು ತೋರಿಸಿ ನಮ್ಮೂರಿನ ಮುಸ್ಲಿಂ ನೆರೆಯವರನ್ನು ಚುಚ್ಚುವ ವಾಟ್ಸಾಪ್ ಫಾರ್ವರ್ಡ್‌ಗಳಿಗೂ ನಮ್ಮ ಧಿಕ್ಕಾರವಿದೆ.

"ನಮ್ಮ ಹುಡುಗಿಯರಿಗೇ ಹಾಸ್ಟೆಲ್ ಇಲ್ಲ" ಎನ್ನುವುದು ಎರಡನೆಯ ಮಾತು. ಅದು ನಿಜ, ಅದಕ್ಕೂ ಜಗಳ ಆಡೋಣ, ಆಡುತ್ತಲೂ ಇದ್ದೇವೆ. ಆದರೆ ನಮ್ಮ ಹುಡುಗಿಯ ಹಾಸ್ಟೆಲ್ ಹಾಸಿಗೆಯನ್ನು ಕಿತ್ತುಕೊಂಡದ್ದು ಅಫ್ಘನ್ ಹುಡುಗಿಯಲ್ಲ.

ನಮ್ಮ ಬೇಡಿಕೆ

ಪ್ರವೇಶ ಸಿಕ್ಕ ಅಫ್ಘನ್ ವಿದ್ಯಾರ್ಥಿನಿಗೆ ಓದು ಮುಗಿಯುವವರೆಗೂ ವೀಸಾ ಕೊಡಿ. ಮುಗಿದ ಮೇಲೆ ಕೆಲಸ ಹುಡುಕಲು ಕಾಲಾವಕಾಶ ಕೊಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ನಮ್ಮಲ್ಲಿ ಕಾನೂನೂ ಇಲ್ಲ. ಆದ್ದರಿಂದ ವೀಸಾ ಮುಗಿದ ಹೆಣ್ಣನ್ನು ತಾಲಿಬಾನ್ ಕೈಗೆ ವಾಪಸ್ ಕಳಿಸುವುದಿಲ್ಲವೆಂದು ಬರವಣಿಗೆಯಲ್ಲಿ ಹೇಳಿ. ಕರ್ನಾಟಕದ ವಿಶ್ವವಿದ್ಯಾಲಯಗಳು ಕಾಣೆಯಾದ ಒಂದು ಅಂಕಪಟ್ಟಿಗಾಗಿ ಅರ್ಜಿಯನ್ನು ಬದಿಗಿಡದೆ, ಪರೀಕ್ಷೆ ಮಾಡಿ ಸೇರಿಸಿಕೊಳ್ಳಲಿ.

ಇದೆಲ್ಲ ದೆಹಲಿಯ ವಿಷಯ ಎಂದು ಫೋನು ಕೆಳಗಿಡಬೇಡಿ. ವೋಟು ಕೇಳಲು ನಿಮ್ಮ ಮನೆಗೆ ಬರುವ ಎಂಪಿಗೆ ಸಂಸತ್ತಿನಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಎಷ್ಟು ಅಫ್ಘನ್ ವಿದ್ಯಾರ್ಥಿನಿಯರಿಗೆ ವೀಸಾ ಕೊಟ್ಟಿರಿ, ಎಷ್ಟು ಮಂದಿಗೆ ಇಲ್ಲ ಎಂದಿರಿ ಎಂದು ಕೇಳಲು ಅವರಿಗೆ ಒಂದು ಕಾಗದ ಬರೆಯಿರಿ. ಶಿಬಿರ, ಬ್ಯಾನರ್, ಪ್ರಮಾಣಪತ್ರ ಎಲ್ಲ ಆಮೇಲೆ ಬರಲಿ. ಮೊದಲು ಬಾಗಿಲು ತೆಗೆಯಲಿ.