ವೈಯಕ್ತಿಕ ದಾಖಲೆ: ಯಾವ ಗಡಿಯಾರವನ್ನು ನಂಬುವುದು?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 2013ರಿಂದ 2015ರವರೆಗೆ ಮ್ಯಾರಥಾನ್ ಓಡಿದ ಸುಮಾರು 24 ಸಾವಿರ ಮಂದಿಗೆ 2016ರ ಏಪ್ರಿಲ್‌ನಲ್ಲಿ ಆಘಾತ ಕಾದಿತ್ತು. ಅವರು ಓಡಿದ್ದು ಮ್ಯಾರಥಾನ್ ಆಗಿರಲೇ ಇಲ್ಲ! ಮಾರ್ಗವನ್ನು ಮತ್ತೆ ಅಳೆದಾಗ 42.195 ಕಿ.ಮೀ.ಗೆ 380 ಮೀಟರ್ ಕಡಿಮೆ ಇದ್ದುದು ದೃಢಪಟ್ಟಿತು. ನಾಲ್ಕು ಗಂಟೆಯಲ್ಲಿ ಗುರಿ ಮುಟ್ಟುವವನಿಗೆ ಇದು ಎರಡು ನಿಮಿಷಕ್ಕೂ ಮಿಗಿಲಾದ ಲಾಭ. ಮೂರು ಗಂಟೆಯ ಗಡಿಯನ್ನು ಒಂದು ನಿಮಿಷದ ಅಂತರದಲ್ಲಿ ದಾಟಿದ್ದೇನೆಂದು ಸಂಭ್ರಮಿಸಿದವನು ವಾಸ್ತವವಾಗಿ ದಾಟಿರಲಿಲ್ಲ.

ಹವ್ಯಾಸಿ ಓಟಗಾರನಿಗೆ ಪದಕವಾಗಲೀ ಬಹುಮಾನದ ಹಣವಾಗಲೀ ಇಲ್ಲ. ಅವನ ಎದುರಾಳಿ ಕಳೆದ ವರ್ಷದ ಅವನೇ. ಹಾಗಾಗಿ ಅಳತೆಗೋಲೇ ತಪ್ಪಿದರೆ ಅವನಿಗೆ ಉಳಿಯುವುದು ಏನೂ ಇಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ವಿಶ್ವ 10ಕೆ ಓಟ ಆರಂಭವಾದ ಮೇಲೆ ರಾಜ್ಯದಲ್ಲಿಯೂ ಇಂಥ ಲೆಕ್ಕ ಇಡುವವರ ವರ್ಗವೊಂದು ಬೆಳೆದಿದೆ. ಆದರೆ ಪ್ರಮಾಣಪತ್ರದಲ್ಲಿರುವ ಅಂಕಿಯ ಹಿಂದೆ ಏನೇನಿದೆ ಎಂಬ ವಿಚಾರ ಮಾತ್ರ ಹೆಚ್ಚು ಚರ್ಚೆಯಾಗಿಲ್ಲ.

ಮೊದಲ ಗೊಂದಲ ಸಮಯದ್ದು. ಸಾವಿರಾರು ಮಂದಿ ಸೇರುವ ಓಟದಲ್ಲಿ ಹಿಂದಿನ ಸಾಲಿನವನು ಆರಂಭರೇಖೆಗೆ ಬರುವಷ್ಟರಲ್ಲಿ ಹಲವು ನಿಮಿಷ ಕಳೆದಿರುತ್ತವೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಂತೆ ಅಧಿಕೃತ ಸಮಯ ಎಣಿಕೆಯಾಗುವುದು ಗುಂಡಿನ ಸದ್ದಿನಿಂದಲೇ. ಎದೆಚೀಟಿಯಲ್ಲಿನ ಚಿಪ್ ಲೆಕ್ಕ ಹಿಡಿಯುವುದು ಆತ ರೇಖೆ ದಾಟಿದ ಕ್ಷಣದಿಂದ. ಸಾಮಾನ್ಯ ಓಟಗಾರನ ಮಟ್ಟಿಗೆ ಚಿಪ್ ಸಮಯವೇ ನ್ಯಾಯ. ಬಾಸ್ಟನ್ ಮ್ಯಾರಥಾನ್ ಕೂಡ ಅರ್ಹತೆಗೆ ಅದನ್ನೇ ಒಪ್ಪುತ್ತದೆ.

ದೂರದ ಲೆಕ್ಕ ಇನ್ನೂ ಸೂಕ್ಷ್ಮ. ರಸ್ತೆ ಓಟದ ಮಾರ್ಗವನ್ನು ಇಂದಿಗೂ ಅಳೆಯುವುದು ಉಪಗ್ರಹದಿಂದಲ್ಲ, ಸೈಕಲ್‌ನಿಂದ! ಚಕ್ರದ ಸುತ್ತುಗಳನ್ನು ಎಣಿಸುವ ಪುಟ್ಟ ಯಂತ್ರ ಅಳವಡಿಸಿ, ತಿರುವುಗಳಲ್ಲಿ ಸಾಧ್ಯವಿರುವ ಅತಿ ಹತ್ತಿರದ ದಾರಿಯಲ್ಲಿ ಸಾಗಿ ಅಳೆಯಲಾಗುತ್ತದೆ. ಮಾರ್ಗ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚುವರಿಯಾಗಿ ಸೇರಿಸುತ್ತಾರೆ. ಗುಂಪಿನ ನಡುವೆ ಅತ್ತಿತ್ತ ಸರಿಯುತ್ತ ಓಡುವವನು ಇದಕ್ಕಿಂತಲೂ ಹೆಚ್ಚು ದೂರ ಕ್ರಮಿಸುತ್ತಾನೆ. ಎತ್ತರದ ಕಟ್ಟಡಗಳ ನಡುವೆ ಕೈಗಡಿಯಾರದ ಜಿಪಿಎಸ್ ದಾರಿ ತಪ್ಪುವುದೂ ಉಂಟು. ಹೀಗಾಗಿ 10 ಕಿ.ಮೀ. ಓಟದಲ್ಲಿ ಗಡಿಯಾರ 10.15 ತೋರಿಸಿದ ತಕ್ಷಣ ಆಯೋಜಕರ ಮೇಲೆ ಹರಿಹಾಯುವುದು ಆತುರದ ಮಾತು. ಸ್ಟ್ರಾವಾದಂತಹ ಆ್ಯಪ್‌ಗಳು ಗುರಿರೇಖೆಗೆ ಮೊದಲೇ '10 ಕಿ.ಮೀ. ದಾಖಲೆ' ಘೋಷಿಸಿಬಿಡುವುದು ಇದೇ ಕಾರಣಕ್ಕೆ. ಅದನ್ನು ದಾಖಲೆ ಎನ್ನುವುದು ಆತ್ಮವಂಚನೆಯೇ ಸರಿ.

ಇಳಿಜಾರಿನ ಪ್ರಶ್ನೆ ಬೇರೆಯೇ. ಕೀನ್ಯಾದ ಜೆಫ್ರಿ ಮುಟಾಯ್ 2011ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡುಗಳಲ್ಲಿ ಓಡಿದರು. ಅದುವರೆಗೆ ಯಾರೂ ಅಷ್ಟು ವೇಗವಾಗಿ ಮ್ಯಾರಥಾನ್ ಮುಗಿಸಿರಲಿಲ್ಲ. ಆದರೂ ಅದು ವಿಶ್ವದಾಖಲೆಯಾಗಲಿಲ್ಲ. ಮಾರ್ಗದ ಇಳಿಕೆ ಕಿಲೋಮೀಟರಿಗೆ ಒಂದು ಮೀಟರ್ ಮೀರಬಾರದು, ಆರಂಭ ಮತ್ತು ಅಂತ್ಯದ ನಡುವಿನ ನೇರ ಅಂತರ ಓಟದ ಅರ್ಧ ದೂರವನ್ನು ಮೀರಬಾರದು ಎಂಬ ಎರಡೂ ನಿಯಮಗಳಿಗೆ ಬಾಸ್ಟನ್ ಮಾರ್ಗ ಹೊಂದುವುದಿಲ್ಲ.

ವಿಪರ್ಯಾಸವೆಂದರೆ, ಅದೇ ಬಾಸ್ಟನ್ ಈಗ ಇತರರ ಇಳಿಜಾರಿನ ಮೇಲೆ ಕಣ್ಣಿಟ್ಟಿದೆ. 2026ರ ಓಟಕ್ಕೆ ಅರ್ಹತಾ ಮಿತಿಗಿಂತ 4 ನಿಮಿಷ 34 ಸೆಕೆಂಡು ಬೇಗ ಓಡಿದವರಿಗಷ್ಟೇ ಪ್ರವೇಶ ದಕ್ಕಿತು. ಇಂಥ ಪೈಪೋಟಿಯಲ್ಲಿ ಬೆಟ್ಟದಿಂದ ಕೆಳಗಿಳಿಯುವ ಓಟಗಳನ್ನು ಹುಡುಕಿ ಹೋಗುವವರು ಹೆಚ್ಚಿದ್ದರು. ಹಾಗಾಗಿ 2027ರ ಓಟದ ಅರ್ಹತೆಗೆ, 1,500 ಅಡಿ ಅಥವಾ ಹೆಚ್ಚು ಇಳಿಯುವ ಮಾರ್ಗದ ಸಮಯಕ್ಕೆ 5 ನಿಮಿಷ, 3,000 ಅಡಿಯಿಂದಾಚೆಗೆ 10 ನಿಮಿಷ ಸೇರಿಸುವ ನಿಯಮವನ್ನು 2025ರಲ್ಲಿ ಪ್ರಕಟಿಸಲಾಯಿತು. 6,000 ಅಡಿ ಇಳಿಯುವ ಮಾರ್ಗಗಳಿಗೆ ಮಾನ್ಯತೆಯೇ ಇಲ್ಲ.

ಬೆಂಗಳೂರಿನ ಓಟಗಾರನದು ಇದಕ್ಕೆ ವಿರುದ್ಧವಾದ ಕಷ್ಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಏರಿಳಿತದ ರಸ್ತೆಗಳಲ್ಲಿ, ಏಪ್ರಿಲ್-ಮೇ ತಿಂಗಳ ಬೇಸಿಗೆಯಲ್ಲಿ ಓಡಿದ ಸಮಯಕ್ಕೆ ಯಾರೂ ರಿಯಾಯಿತಿ ಕೊಡುವುದಿಲ್ಲ.