ಚಳಿಗೆ ಒಡೆಯುವ ಚರ್ಮ: ನೀರು ಆರುವ ಮೊದಲೇ ಎಣ್ಣೆ ಹಚ್ಚಿ

ಡಿಸೆಂಬರ್ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಒಂದೇ ದೂರು. ಮಕ್ಕಳ ಕೆನ್ನೆ ಬಿರಿಯುತ್ತದೆ. ತುಟಿ ಒಡೆಯುತ್ತದೆ. ಕಾಲಿನ ಮೇಲೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತದೆ. ಹಿಮ್ಮಡಿ ಸೀಳಿ ರಕ್ತ ಜಿನುಗುತ್ತದೆ. "ಚಳಿಗಾಲವಲ್ಲವೇ, ತಾನಾಗಿ ಹೋಗುತ್ತದೆ" ಎಂದು ನಾವು ಸುಮ್ಮನಾಗುತ್ತೇವೆ. ಇಲ್ಲವೇ ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತರಿಸಿ ಹಚ್ಚುತ್ತೇವೆ. ಎರಡೂ ಸರಿಯಲ್ಲ.

ಚರ್ಮ ಒಣಗುವುದೇಕೆ?

ನಮ್ಮ ಚರ್ಮದ ಹೊರಪದರವನ್ನು ಒಂದು ಗೋಡೆಗೆ ಹೋಲಿಸಬಹುದು. ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಜಿಡ್ಡು ಗಾರೆಯಿದ್ದಂತೆ. ಈ ಜಿಡ್ಡು ಒಳಗಿನ ನೀರು ಹೊರಹೋಗದಂತೆ ತಡೆಯುತ್ತದೆ. ಅದು ಕಡಿಮೆಯಾದಾಗ ನೀರು ಆವಿಯಾಗಿ, ಚರ್ಮ ಒಣಗಿ, ಬಿರುಕು ಬಿಟ್ಟು, ತುರಿಸತೊಡಗುತ್ತದೆ.

ನಮ್ಮ ಭಾಗದ ಚಳಿ ಒಣ ಚಳಿ. ಹಗಲು 30 ಡಿಗ್ರಿಯ ಆಸುಪಾಸಿನಲ್ಲಿರುವ ಉಷ್ಣತೆ ರಾತ್ರಿ 15ಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಗಾಳಿಯಲ್ಲಿ ತೇವ ಕಡಿಮೆ. ಇದು ಸುಣ್ಣಕಲ್ಲಿನ ನೆಲ. ಆದ್ದರಿಂದಲೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದಿನ ಹಾಸುಗಲ್ಲು ಹೆಸರಾಗಿದೆ. ಇದೇ ಕಾರಣಕ್ಕೆ ಅನೇಕ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಬರುವುದಿಲ್ಲವೆಂದು ಇನ್ನಷ್ಟು ಉಜ್ಜುತ್ತೇವೆ, ಅದರ ಜಿಗುಟು ಚರ್ಮದ ಮೇಲೆ ಉಳಿಯುತ್ತದೆ. ಇದೇ ತಿಂಗಳುಗಳಲ್ಲಿ ತೊಗರಿ ಕಟಾವು, ರಾಶಿಯ ಧೂಳು ಬೇರೆ.

ಇಷ್ಟೆಲ್ಲ ಹೊರಗಿನ ಕಾರಣಗಳಾದರೆ, ಹಾನಿಯ ದೊಡ್ಡ ಪಾಲು ಬಚ್ಚಲಲ್ಲೇ ಆಗುತ್ತದೆ. ಚಳಿಯೆಂದು ಹಂಡೆಯ ಸುಡುಸುಡು ನೀರನ್ನು ಬಹಳ ಹೊತ್ತು ಸುರಿದುಕೊಳ್ಳುತ್ತೇವೆ. ಪಾತ್ರೆಯ ಜಿಡ್ಡು ಬಿಸಿನೀರಿಗೆ ಹೋಗುವಂತೆ ಚರ್ಮದ ಜಿಡ್ಡೂ ಹೋಗುತ್ತದೆ.

ಹೀಗೆ ಮಾಡಿ

ಉಗುರು ಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಮೃದುವಾದ ಸಾಬೂನು ಸಾಕು. ಕಡಲೆಹಿಟ್ಟು ಕೂಡ ಒಣ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಮೈಯನ್ನು ಉಜ್ಜದೆ ಒತ್ತಿ ಒರೆಸಿ. ಚರ್ಮ ಇನ್ನೂ ತುಸು ಒದ್ದೆಯಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ದುಬಾರಿ ಕ್ರೀಮ್ ಬೇಕಿಲ್ಲ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಸಾಕು. ತುಟಿಯನ್ನು ನಾಲಿಗೆಯಿಂದ ಸವರಿದಷ್ಟೂ ಅದು ಹೆಚ್ಚು ಒಡೆಯುತ್ತದೆ. ಮಕ್ಕಳಿಗೆ ಆ ಅಭ್ಯಾಸ ಬಿಡಿಸಿ, ವ್ಯಾಸಲೀನ್ ಸವರಿ. ಉಣ್ಣೆಯ ಸ್ವೆಟರ್ ಒಳಗೆ ಹತ್ತಿಯ ಅಂಗಿ ತೊಡಿಸಿ.

ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಕೈಕಾಲಿನ ನೀರು ತಾನಾಗಿ ಆರಲು ಬಿಡದೆ ಬೆರಳ ಸಂದುಗಳನ್ನೂ ಒರೆಸಿ, ಎರಡು ಹನಿ ಎಣ್ಣೆ ತಿಕ್ಕಿಕೊಳ್ಳಿ. ವ್ಯಾಸಲೀನನ್ನು ದಪ್ಪಗೆ ಹಚ್ಚುವುದಿದ್ದರೆ ಇಶಾ ನಮಾಝ್ ಮುಗಿದ ಮೇಲೆ ಹಚ್ಚಿ.

ಹಿಮ್ಮಡಿಗೆ ಹದಿನೈದು ನಿಮಿಷ ಬೆಚ್ಚಗಿನ ನೀರು, ಮೆಲ್ಲನೆ ಉಜ್ಜು, ಒರೆಸಿ ವ್ಯಾಸಲೀನ್, ಮೇಲೆ ಹತ್ತಿಯ ಸಾಕ್ಸ್. ಹೀಗೆ ರಾತ್ರಿ ಮಾಡಿ ಮಲಗಿದರೆ ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ತಣ್ಣನೆಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ಬದಲು ಮನೆಯೊಳಗೂ ಮೆತ್ತನೆಯ ಚಪ್ಪಲಿ ಇರಲಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಪಾದವನ್ನು ನೆನೆಸಬಾರದು, ಬ್ಲೇಡಿನಿಂದ ಕೆರೆಯಬಾರದು. ಅವರಿಗೆ ನೋವು ತಿಳಿಯದಿರಬಹುದು. ಸಣ್ಣ ಬಿರುಕೇ ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವಂತಾಗಬಹುದು. ಅಮ್ಮ, ಅತ್ತೆಯವರ ಪಾದಗಳನ್ನು ದಿನವೂ ನೀವೇ ನೋಡಿ.

ಸಿಮೆಂಟಿನ ಕೈಗಳು

ಮನೆಯಲ್ಲಿ ಗಾರೆ ಕೆಲಸದವರಿದ್ದರೆ ಅವರ ಕೈ ಒಡೆಯಲು ಚಳಿಯೊಂದೇ ಕಾರಣವಲ್ಲ. ಒದ್ದೆ ಸಿಮೆಂಟ್ ಬಲವಾದ ಕ್ಷಾರ, ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಅಲರ್ಜಿ ತರುತ್ತದೆ, ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಕೆಲಸದಲ್ಲಿ ರಬ್ಬರ್ ಗ್ಲೌಸ್ ಹಾಕಿಕೊಳ್ಳಲಿ. ಕೈಯನ್ನು ಸೀಮೆಎಣ್ಣೆಯಿಂದಲ್ಲ, ಧಾರಾಳ ನೀರಿನಿಂದ ತೊಳೆಯಲಿ. ಅವರ ಬಟ್ಟೆಗಳನ್ನು ನೀವು ಒಗೆಯುವಾಗಲೂ ಗ್ಲೌಸ್ ಇರಲಿ. ಮಗುವಿನ ಬಟ್ಟೆಯೊಂದಿಗೆ ಅವನ್ನು ನೆನೆಸಬೇಡಿ.

ಆ ಟ್ಯೂಬಿನಲ್ಲೇನಿದೆ?

ತುರಿಕೆಗೆಂದೂ, ಮುಖ ಬೆಳ್ಳಗಾಗಲೆಂದೂ ಪಕ್ಕದ ಮನೆಯವರು ಹೇಳಿದ ಟ್ಯೂಬನ್ನು ಹಚ್ಚುವುದು ನಮ್ಮಲ್ಲಿ ಸಾಮಾನ್ಯ. ಅದರ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಂಡು, ಮೊಡವೆ, ಕೂದಲು ಬೆಳೆಯುತ್ತವೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಂತಂತೆ ಕಂಡು ರೋಗ ಮಾತ್ರ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು. ಈಗಾಗಲೇ ಬಹಳ ಕಾಲ ಹಚ್ಚಿದವರು ಒಮ್ಮೆಲೇ ನಿಲ್ಲಿಸದೆ ಚರ್ಮ ವೈದ್ಯರಿಗೆ ತೋರಿಸಿ.

ಎಲ್ಲವೂ ಚಳಿಯಲ್ಲ

ಎರಡು ವಾರ ಸರಿಯಾಗಿ ಎಣ್ಣೆ ಹಚ್ಚಿದರೂ ಕಡಿಮೆಯಾಗದಿದ್ದರೆ ಅದನ್ನು ಚಳಿಯ ಲೆಕ್ಕಕ್ಕೆ ಹಾಕಬೇಡಿ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳೆದ್ದು, ರಾತ್ರಿ ತುರಿಕೆ ಜೋರಾಗಿ, ಮನೆಯ ಇತರರಿಗೂ ಹರಡಿದರೆ ಅದು ಕಜ್ಜಿ. ಔಷಧವನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು, ಇಲ್ಲದಿದ್ದರೆ ಅದು ಮರಳಿ ಬರುತ್ತದೆ. ವರ್ಷವಿಡೀ ಮೈ ಒಣಗಿ, ಸುಸ್ತು, ತೂಕ ಹೆಚ್ಚಳ ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕು.

ಇನ್ನೊಂದನ್ನು ಮರೆಯಬೇಡಿ. ಮಾಸಿದ ಬಣ್ಣದ ಒಣ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು, ಬಿಸಿ ತಾಗಿದ್ದು ತಿಳಿಯದಿದ್ದರೆ ಅದು ಕುಷ್ಠವಿರಬಹುದು. ಹೆದರಿ ಮುಚ್ಚಿಡಬೇಡಿ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. 6ರಿಂದ 12 ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ. ತಡಮಾಡಿದರೆ ಮಾತ್ರ ಕೈಕಾಲು ಊನವಾಗುತ್ತದೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟು ಆ ಊನವನ್ನು ನಾವೇ ಬರಮಾಡಿಕೊಳ್ಳಬಾರದು. ಮೊದಲು ತಾಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ಕಲಬುರಗಿಯ ಜಿಮ್ಸ್‌ಗೆ ಹೋಗಿ.

ಮನೆಯವರೆಲ್ಲರ ಕೆನ್ನೆ, ಕೈ, ಹಿಮ್ಮಡಿ ನೋಡುವ ತಾಯಂದಿರು ತಮ್ಮ ಕಾಲನ್ನು ನೋಡಿಕೊಳ್ಳುವುದು ಕೊನೆಗೆ. ಇಂದು ರಾತ್ರಿ ಎಣ್ಣೆಯ ಬಟ್ಟಲನ್ನು ಎತ್ತಿಡುವ ಮೊದಲು ನಿಮ್ಮ ಪಾದಕ್ಕೂ ಎರಡು ಹನಿ ಹಚ್ಚಿಕೊಳ್ಳಿ.