ಟಾಕಿಯ ನೀರು ಎಲ್ಲಿಗೆ ಹೋಯಿತು?

ಮಕ್ಕಳೇ, ಹೋದ ತಿಂಗಳು ನಮ್ಮ ಮಾಳಿಗೆಯ ಮೇಲಿನ ಟಾಕಿ ನನಗೊಂದು ಲೆಕ್ಕ ಹಾಕಿತು. ಆ ಲೆಕ್ಕ ಬಿಡಿಸುವ ಮೊದಲೇ ನಾನು ಉತ್ತರ ಹೇಳಿಬಿಟ್ಟೆ. ಉತ್ತರ ತಪ್ಪಾಗಿತ್ತು.

ಮಲಪ್ರಭೆ ನಮ್ಮ ಮುನವಳ್ಳಿಯ ಬದಿಗೇ ಹರಿಯುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಆಣೆಕಟ್ಟಿನಲ್ಲಿ ನಿಂತು, ನಮ್ಮೂರು ದಾಟಿ ರಾಮದುರ್ಗದ ಕಡೆಗೆ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಹೊಳೆ ಹತ್ತಿರವಿದ್ದರೇನು, ಮನೆಯ ನಳಕ್ಕೆ ನೀರು ಬರುವುದು ಸರದಿಯ ಮೇಲೆ. ಬಂದ ದಿನ ತುಂಬಿಟ್ಟುಕೊಳ್ಳಬೇಕು. ಸಾಲದಿದ್ದರೆ ಟ್ಯಾಂಕರಿನ ಬೋರ್ ನೀರು ತರಿಸಬೇಕು.

ನಮ್ಮ ಟಾಕಿ 500 ಲೀಟರಿನದು. ತುಂಬಿದರೆ ಮೂರು ದಿನಕ್ಕೆ ಚಿಂತೆಯಿಲ್ಲ. ಹೋದ ತಿಂಗಳು ಮಾತ್ರ ಎರಡನೆಯ ದಿನವೇ ತಳ ಕಾಣತೊಡಗಿತು. ಒಮ್ಮೆಯಲ್ಲ, ಮೂರು ಸಲ.

ಎದುರು ಮನೆಯಲ್ಲಿ ಒಬ್ಬ ಹಿರಿಯಳಿದ್ದಾಳೆ. ಓಣಿಗೆಲ್ಲ ಅಕ್ಕ. ಅವಳ ಮನೆಗೆ ಟಾಕಿ ಇಲ್ಲ. ದಿನಾ ಸಂಜೆ ಐದಕ್ಕೆ ನಮ್ಮ ಅಂಗಳದ ನಳದಿಂದ ಎರಡು ಕೊಡ ನೀರು ಒಯ್ಯುತ್ತಾಳೆ. ಎಷ್ಟೋ ವರ್ಷದ ರೂಢಿ ಅದು. ಆ ಸಂಜೆ ಅವಳು ಬಂದಾಗ ನಾನು ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಅಂದೆ: “ಅಕ್ಕಾ, ನಮ್ಮ ಟಾಕಿ ಯಾಕೋ ಲಗೂ ಖಾಲಿ ಆಗಾಕ ಹತ್ತೇತಿ. ನೀರು ಸ್ವಲ್ಪ ನೋಡಿ ತುಂಬ್ರಿ.”

ಅಕ್ಕ ಒಂದು ಗಳಿಗೆ ನಿಂತಳು. “ಆತ್ರಿ ಅಣ್ಣಾರ” ಎಂದಳು. ಖಾಲಿ ಕೊಡ ಎತ್ತಿಕೊಂಡು ತಿರುಗಿ ಹೋದಳು. ಮರುದಿನ ಬರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಆರನೆಯ ಇಯತ್ತೆಯ ನನ್ನ ಮೊಮ್ಮಗಳು ಕೇಳಿದಳು: “ಅಜ್ಜಾ, ಒಂದು ಕೊಡ ಎಷ್ಟು ಲೀಟರ್?”

“ಹದಿನೈದು ಹಿಡಿ.”

“ಎರಡು ಕೊಡ ಅಂದ್ರ ಮೂವತ್ತು. ಐದು ನೂರು ಲೀಟರ್ ಹೆಂಗ ಖಾಲಿ ಆತು?”

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಲೆಜರ್ ಬರೆದವನು ನಾನು. ಅಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ವ್ಯತ್ಯಾಸದ ಅಂಕಿ ನೋಡುತ್ತಿದ್ದೆವು. ಅದು ಒಂಬತ್ತರಿಂದ ಭಾಗವಾದರೆ ಯಾರೋ ಎರಡು ಅಂಕಿ ಅದಲುಬದಲು ಬರೆದಿರಬಹುದೆಂದು ಗುಮಾನಿ. 63 ಬರೆಯುವಲ್ಲಿ 36 ಬರೆದರೆ ವ್ಯತ್ಯಾಸ 27. ಒಂಬತ್ತು ಮೂರಲೆ ಇಪ್ಪತ್ತೇಳು. ನೀವೂ ಯಾವುದೇ ಎರಡಂಕಿಯ ಸಂಖ್ಯೆ ತಿರುವಿ ಕಳೆದು ನೋಡಿರಿ. ಬ್ಯಾಂಕಿನಲ್ಲಿ ಪಾಲಿಸಿದ ನಿಯಮವನ್ನು ಮನೆಯ ಅಂಗಳದಲ್ಲಿ ಮರೆತಿದ್ದೆ.

ಮರುದಿನ ಅಜ್ಜ-ಮೊಮ್ಮಗಳು ಲೆಕ್ಕ ತೆಗೆದೆವು. ಟಾಕಿಯ ಸುತ್ತ ದಾರ ಸುತ್ತಿದೆವು: ಸುಮಾರು 251 ಸೆಂ.ಮೀ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 80, ಅಂದರೆ ತ್ರಿಜ್ಯ 40. 3.14 × 40 × 40 ಮಾಡಿದಾಗ 5,024 ಬಂತು. ಸಾವಿರ ಘನ ಸೆಂ.ಮೀ.ಗೆ ಒಂದು ಲೀಟರ್. ಹಾಗಾದರೆ ಟಾಕಿಯಲ್ಲಿ ನೀರು ಒಂದು ಸೆಂ.ಮೀ. ಇಳಿದರೆ ಐದು ಲೀಟರ್ ಹೋದಂತೆ.

ರಾತ್ರಿ ಒಂಬತ್ತಕ್ಕೆ ಟಾಕಿಯೊಳಗೆ ಕೋಲು ಇಳಿಸಿ ಗುರುತು ಮಾಡಿದೆವು. ಬೆಳಿಗ್ಗೆ ಆರರವರೆಗೆ ಯಾರೂ ನಳ ಮುಟ್ಟಬಾರದೆಂದು ಮನೆಯವರಿಗೆಲ್ಲ ಹೇಳಿ, ಬೇಕಾದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟೆವು. ಬೆಳಿಗ್ಗೆ ನೋಡಿದರೆ ನೀರು 20 ಸೆಂ.ಮೀ. ಇಳಿದಿತ್ತು. ನೂರು ಲೀಟರ್! ಅಕ್ಕ ಬರುವುದು ಸಂಜೆ ಐದಕ್ಕೆ. ನೀರು ಹೋದದ್ದು ರಾತ್ರಿ.

ಅಡುಗೆಮನೆಯ ನಳ ತೊಟಕ್ ತೊಟಕ್ ಎನ್ನುತ್ತಿತ್ತು. “ಸಿಕ್ಕ ಕಳ್ಳ!” ಎಂದೆ. ಮೊಮ್ಮಗಳು ಗಡಿಯಾರ ಹಿಡಿದು ಎಣಿಸಿದಳು: ಸೆಕೆಂಡಿಗೆ ಒಂದು ಹನಿ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರ್. ಒಂಬತ್ತು ತಾಸಿಗೆ ಲೆಕ್ಕ ಹಾಕಿದರೆ ಒಂದೂವರೆ ಲೀಟರಿಗೆ ತುಸು ಹೆಚ್ಚು. ಇದು ಚಿಲ್ಲರೆ ಕಳ್ಳ, ದೊಡ್ಡವನು ಬೇರೆ ಇದ್ದಾನೆ. ಆದರೂ ಈ ಚಿಲ್ಲರೆಯವನನ್ನು ಬಿಡಲಿಲ್ಲ. ವಾಲ್ವ್ ಬಂದ್ ಮಾಡಿ, ಪಾನಾದಿಂದ ನಳದ ತಲೆ ಬಿಚ್ಚಿ, ಸವೆದ ರಬ್ಬರ್ ವಾಶರ್ ತೆಗೆದು ಹೊಸದು ಹಾಕಿದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನೇ ತನ್ನಿರಿ, ಅಂದಾಜಿನ ಮೇಲೆ ತರಬೇಡಿರಿ.

ದೊಡ್ಡ ಕಳ್ಳ ಸಪ್ಪಳವನ್ನೇ ಮಾಡದವನು. ನನ್ನ ಮೊಣಕಾಲು ನೋವಿಗೆಂದು ಮಗ ಹಾಕಿಸಿದ ಕಮೋಡಿನ ಫ್ಲಶ್ ಟಾಕಿಯ ಮೇಲೆ ಸಂಶಯ ಬಂತು. ಇದನ್ನು ಪರೀಕ್ಷಿಸುವುದು ಸುಲಭ. ಫ್ಲಶ್ ಟಾಕಿಯ ಮುಚ್ಚಳ ತೆಗೆದು ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿ ಬಿಟ್ಟೆವು. ಫ್ಲಶ್ ಒತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಬಂದರೆ ಕಮೋಡಿನ ನೀರು ನೀಲಿ! ಮೊಮ್ಮಗಳು ಕುಣಿದಳು. ನನಗೆ ಕುಣಿಯುವ ಮನಸ್ಸಾಗಲಿಲ್ಲ.

ಫ್ಲಶ್ ಟಾಕಿ ಸೋರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಬುರುಡೆ ಮೇಲೆದ್ದರೂ ಒಳಬರುವ ನೀರು ನಿಲ್ಲದೆ, ಹೆಚ್ಚಾದದ್ದು ನಡುವಿನ ಕೊಳವೆಯ ಬಾಯಿಂದ ಇಳಿದುಹೋಗುವುದು. ಎರಡು, ತಳದ ರಬ್ಬರ್ ಸರಿಯಾಗಿ ಕೂಡದೆ ಸಂದಿಯಿಂದ ಜಾರುವುದು. ಯಾವುದೆಂದು ತಿಳಿಯಲು ಗೋಡೆಯ ಹತ್ತಿರದ ಸಣ್ಣ ವಾಲ್ವ್ ಬಂದ್ ಮಾಡಿ, ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ನೀರು ಗೆರೆ ಬಿಟ್ಟು ಇಳಿಯುತ್ತಲೇ ಇದ್ದರೆ ತಪ್ಪು ತಳದ ರಬ್ಬರಿನದು. ಇಳಿಯದೆ ನಿಂತರೆ ಬುರುಡೆಯ ಕಡೆ ನೋಡಿರಿ. ನಮ್ಮದು ಹತ್ತು ನಿಮಿಷಕ್ಕೆ ಎರಡು ಬೆರಳು, ಅಂದರೆ ಮೂರು ಸೆಂ.ಮೀ. ಇಳಿಯಿತು. ಆ ಟಾಕಿಯ ಉದ್ದ 40, ಅಗಲ 15 ಸೆಂ.ಮೀ. ಗುಣಿಸಿದರೆ ನಿಮಿಷಕ್ಕೆ 180 ಮಿಲಿ ಲೀಟರ್, ಒಂಬತ್ತು ತಾಸಿಗೆ 97 ಲೀಟರ್. ನಳದ ಒಂದೂವರೆ ಕೂಡಿಸಿರಿ. ನೂರಕ್ಕೆ ಹತ್ತಿರ ಬಂತಲ್ಲ! ಲೆಜರ್ ತಾಳೆಯಾಯಿತು.

ಬಿಚ್ಚಿದಾಗ ರಬ್ಬರಿನ ಕೆಳಗೆ ಬಿಳಿ ಸುಣ್ಣದಂಥ ಪದರು ಕೂತಿತ್ತು. ಬೋರಿನ ಗಡಸು ನೀರಿನ ಕೆಲಸ ಅದು. ನಿಂಬೆರಸ ಹಚ್ಚಿ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ. ಹುಳಿಗೆ ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಡುವ ಗುರುತು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಹೋಗುತ್ತದೆ. ಇದಕ್ಕೆ ಸಂಡಾಸ ತೊಳೆಯುವ ಆ್ಯಸಿಡ್ ಬಳಸಬೇಡಿರಿ, ಕೈಗೂ ಕಣ್ಣಿಗೂ ಅಪಾಯ. ರಬ್ಬರ್ ಬಿರುಸಾಗಿದ್ದರಿಂದ ಅದನ್ನೂ ಬದಲಿಸಿದೆ.

ಎರಡು ಸಾವಿರ ವರ್ಷದ ಹಿಂದೆ ರೋಮ್ ನಗರದಲ್ಲೂ ಇಂಥದೇ ಲೆಕ್ಕ ನಡೆದಿತ್ತು. ಕ್ರಿ.ಶ. 97ರಲ್ಲಿ ಅಲ್ಲಿಯ ನೀರಿನ ಅಧಿಕಾರಿಯಾದ ಫ್ರಾಂಟಿನಸ್ ಎಂಬಾತ ಕಾಲುವೆಗಳ ನೀರು ಅಳೆಸಿ ದಫ್ತರದ ಅಂಕಿಗಳ ಜೊತೆ ಹೋಲಿಸಿ ನೋಡಿದ. ತಾಳೆಯಾಗಲಿಲ್ಲ. ಕೊಳವೆಗೆ ತೂತು ಕೊರೆದು ನೀರು ಕದಿಯುವವರು ಅವನಿಗೆ ಸಿಕ್ಕರು. ಆತ ಮೊದಲು ಅಳೆದ, ಆಮೇಲೆ ಮಾತಾಡಿದ. ನಾನು ಮೊದಲು ಮಾತಾಡಿದೆ.

ಅಂದು ಸಂಜೆ ಎದುರು ಮನೆಗೆ ಹೋದೆ. ಮೊಮ್ಮಗಳೂ ಬಂದಳು, ಬೇಡವೆನ್ನಲಿಲ್ಲ. “ಅಕ್ಕಾ, ತಪ್ಪು ನಮ್ಮ ಸಂಡಾಸದ ಟಾಕೀದು. ನಾ ಸುಮ್ಮನ ನಿಮಗ ಅಂದೆ. ಮನಸಿನ್ಯಾಗ ಇಟಗೋಬ್ಯಾಡ್ರಿ” ಎಂದೆ.

“ಹೋಗ್ಲಿ ಬಿಡ್ರಿ ಅಣ್ಣಾರ” ಎಂದು ಚಾ ಮಾಡಿಕೊಟ್ಟಳು. ಆದರೂ ಅವಳು ನೀರಿಗೆ ಬಂದದ್ದು ನಾಲ್ಕು ದಿನದ ಮೇಲೆ, ಅದೂ ಒಂದೇ ಕೊಡ ತಂದು. ಈಗಲೂ ಒಂದೇ ಕೊಡ ತರುತ್ತಾಳೆ. ಎರಡನೆಯದನ್ನು ಮೊಮ್ಮಗಳು ತಾನೇ ತುಂಬಿ ಅವಳ ಹೊಸ್ತಿಲಿಗೆ ಇಟ್ಟು ಬರುತ್ತಾಳೆ.

ಮಕ್ಕಳೇ, ಈ ವಾರ ನಿಮ್ಮ ಮನೆಯ ಫ್ಲಶ್ ಟಾಕಿಗೆ ನೀಲಿಯ ಪರೀಕ್ಷೆ ಮಾಡಿರಿ. ಹನಿಯುವ ನಳವಿದ್ದರೆ ಹನಿ ಎಣಿಸಿ ದಿನದ ಲೆಕ್ಕ ತೆಗೆಯಿರಿ. ಮಾಳಿಗೆಯ ಟಾಕಿ ಹತ್ತುವಾಗ ಮಾತ್ರ ದೊಡ್ಡವರು ಜೊತೆಗಿರಲಿ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ನಡುವೆ ಪ್ರಶ್ನೆ ಕೇಳಿದರೆ ಬೈಯಬೇಡಿರಿ. ಅವರು ನಮ್ಮ ಲೆಕ್ಕ ತಪಾಸಣೆ ಮಾಡುತ್ತಿರಬಹುದು.